ಹಳೆಯ ಗೇಮಿಂಗ್ ಪಿಸಿಗೆ ಮರುಜೀವ: ಎಎಂ4 ಬೋರ್ಡ್ ಇಟ್ಟುಕೊಂಡೇ ಅಪ್‌ಗ್ರೇಡ್ ಮಾಡುವ ಕ್ರಮ

2018–19ರಲ್ಲಿ ಕಟ್ಟಿಸಿದ ಬಹಳಷ್ಟು ಗೇಮಿಂಗ್ ಪಿಸಿಗಳನ್ನು ಬಿಚ್ಚಿದರೆ ಒಳಗೆ ಹೆಚ್ಚುಕಡಿಮೆ ಒಂದೇ ಸಾಮಾನು ಸಿಗುತ್ತದೆ. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1060 ಅಥವಾ 1050 ಟಿಐ, 1 ಟಿಬಿ ಹಾರ್ಡ್‌ಡಿಸ್ಕ್, 450 ವ್ಯಾಟ್‌ನ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ). ಆಗ ಎಲ್ಲ ಆಟವನ್ನೂ ಸಲೀಸಾಗಿ ಓಡಿಸಿದ ಈ ಪಿಸಿ ಈಗ ಹೊಸ ಆಟ ಹಾಕಿದರೆ ತಡವರಿಸುತ್ತದೆ. ಅಂಗಡಿಗೆ ಹೋದರೆ "ಪೂರ್ತಿ ಹೊಸದು ಕಟ್ಟಿಸಿ" ಎನ್ನುತ್ತಾರೆ. ಈ ಬೋರ್ಡ್ ಇರುವವರು ಅಷ್ಟು ಬೇಗ ಒಪ್ಪಬೇಕಾಗಿಲ್ಲ.

ಕಾರಣ ಸಾಕೆಟ್, ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ. 2017ರ ರೈಜನ್ 1000ದಿಂದ ಹಿಡಿದು ರೈಜನ್ 5000 ಸರಣಿಯವರೆಗೆ ಎಎಂಡಿ ಬಳಸಿದ್ದು ಒಂದೇ ಎಎಂ4 ಸಾಕೆಟ್. ಹಾಗಾಗಿ 2018ರ ಬಿ450 ಬೋರ್ಡಿನ ಮೇಲೆ 2022ರ ರೈಜನ್ 5 5600 ಕೂರುತ್ತದೆ. ಬೋರ್ಡ್ ಉಳಿದರೆ ಡಿಡಿಆರ್4 ರ‍್ಯಾಮ್ ಉಳಿಯಿತು. ಈಗಿನ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯ. ಮುಂದಿನ ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ ಹೊಂದುತ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸಲು ಹೋದರೆ ಗ್ರಾಫಿಕ್ಸ್ ಕಾರ್ಡಿಗೆ ಇಟ್ಟ ದುಡ್ಡು ಅಲ್ಲೇ ಕರಗುತ್ತದೆ.

ಒಂದು ಮಿತಿಯನ್ನು ಮೊದಲೇ ಹಾಕಿಕೊಳ್ಳಿ. ಅಪ್‌ಗ್ರೇಡಿನ ಒಟ್ಟು ಖರ್ಚು ಅಷ್ಟೇ ಸಾಮರ್ಥ್ಯದ ಹೊಸ ಪಿಸಿಯ ಬೆಲೆಯ ಮುಕ್ಕಾಲು ಭಾಗ ಮುಟ್ಟುತ್ತಿದೆ ಎಂದರೆ ಹಳೆಯದರ ಮೇಲೆ ಹಾಕಬೇಡಿ. ಅರ್ಧದೊಳಗೆ ಮುಗಿದರೆ ಧಾರಾಳವಾಗಿ ಹಾಕಿ.

ಮೊದಲು ಅಳೆಯಿರಿ

ಆಟ ನಿಧಾನ ಎಂದ ಕೂಡಲೇ ಎಲ್ಲರೂ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಓಡುತ್ತಾರೆ. ಎಷ್ಟೋ ಸಲ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾವ ಭಾಗ ಸೋಲುತ್ತಿದೆ ಎಂದು ತಿಳಿಯಲು ಒಂದು ಸಂಜೆ ಸಾಕು, ಖರ್ಚೂ ಇಲ್ಲ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳತೆಯ ತಂತ್ರಾಂಶ ಹಾಕಿಕೊಳ್ಳಿ, ಅದರ ಜೊತೆಗೇ ರಿವಾಟ್ಯೂನರ್ ಬರುತ್ತದೆ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ವಿಡಿಯೊ ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ), ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲು) ಬಳಕೆ, ರ‍್ಯಾಮ್, ಜಿಪಿಯು, ಪ್ರೊಸೆಸರ್ ಎರಡರ ಉಷ್ಣತೆ, ಫ್ರೇಮ್ ಟೈಮ್ (ಪ್ರತಿ ಚಿತ್ರ ಮೂಡಲು ಹಿಡಿದ ಸಮಯ) ಗೆರೆ, ಇಷ್ಟೂ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ವಿ-ಸಿಂಕ್ (ಫ್ರೇಮನ್ನು ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದು, ನಿಮಗೆ ತೊಂದರೆ ಕೊಡುತ್ತಿರುವ ಆಟವನ್ನೇ ಇಪ್ಪತ್ತು ನಿಮಿಷ ಆಡಿ. ಮೆನುವಿನಲ್ಲಿ ನಿಂತು ಅಳೆದರೆ ಪ್ರಯೋಜನವಿಲ್ಲ. ಜನಜಂಗುಳಿಯ ಬೀದಿ, ದೊಡ್ಡ ಕಾಳಗ, ಗಾಡಿಯಲ್ಲಿ ವೇಗವಾಗಿ ಹೋಗುವ ಜಾಗ, ಇಂಥ ಕಡೆ ನೋಡಿ.

ಜಿಪಿಯು ಬಳಕೆ ಸತತವಾಗಿ ಶೇ 95ಕ್ಕಿಂತ ಮೇಲಿದ್ದರೆ ಗ್ರಾಫಿಕ್ಸ್ ಕಾರ್ಡೇ ಸೋಲುತ್ತಿದೆ. ಅದು 60–70ರಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಹಿಂದೆ ಬಿದ್ದಿದೆ. ಇಲ್ಲಿ ಪ್ರೊಸೆಸರಿನ ಒಟ್ಟು ಬಳಕೆ ಶೇ 45 ಅಂತ ತೋರಿಸಿದರೆ ಮೋಸ ಹೋಗಬೇಡಿ. 12 ಥ್ರೆಡ್ಡುಗಳಲ್ಲಿ ಒಂದೆರಡು ಪೂರ್ತಿ ದಣಿದು ಉಳಿದವು ಮೂರನೇ ಒಂದು ಭಾಗದಷ್ಟೇ ದುಡಿಯುತ್ತಿದ್ದರೂ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಆಟ ಮಾತ್ರ ದಣಿದ ಆ ಒಂದು ಥ್ರೆಡ್ಡಿಗಾಗಿ ಕಾಯುತ್ತಿರುತ್ತದೆ. ಅನುಮಾನವಿದ್ದರೆ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ ಅದೇ ಜಾಗವನ್ನು ಮತ್ತೆ ಆಡಿ. ಫ್ರೇಮ್ ಜಿಗಿದು ಏರಿದರೆ ತೊಂದರೆ ಗ್ರಾಫಿಕ್ಸ್ ಕಾರ್ಡಿನದು. ಇದ್ದಲ್ಲೇ ಇದ್ದರೆ ಪ್ರೊಸೆಸರಿನ ಕಡೆಯದು. ಈ ಒಂದು ಪರೀಕ್ಷೆಯ ಮೇಲೆ ಇಡೀ ಬಜೆಟ್ ಹಂಚಬಹುದು.

ಸರಾಸರಿ ಫ್ರೇಮ್ ಚೆನ್ನಾಗಿದ್ದು, ಪ್ರತಿ ಕೆಲವು ಸೆಕೆಂಡಿಗೆ ಒಮ್ಮೆ ಜರ್ಕ್ ಹೊಡೆಯುತ್ತಿದ್ದರೆ ರ‍್ಯಾಮ್ ಅಥವಾ ವಿಡಿಯೊ ಮೆಮೊರಿ ತುಂಬಿದೆಯೇ ನೋಡಿ. 8 ಜಿಬಿ ರ‍್ಯಾಮಿನಲ್ಲಿ 7.5 ಬಳಕೆಯಾಗಿದ್ದರೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ತಳ್ಳಿ ಮತ್ತೆ ಎಳೆದುಕೊಳ್ಳುತ್ತಿರುತ್ತದೆ, ಅದೂ ಹಾರ್ಡ್‌ಡಿಸ್ಕಿನಲ್ಲಾದರೆ ಜರ್ಕ್ ಕಣ್ಣಿಗೆ ಹೊಡೆಯುತ್ತದೆ. ಪ್ರೊಸೆಸರ್ 90 ಡಿಗ್ರಿ ದಾಟಿ ವೇಗ ಇಳಿಸಿಕೊಳ್ಳುತ್ತಿದ್ದರೆ ಅದಕ್ಕೆ ಬೇಕಾಗಿರುವುದು ಧೂಳು ಒರೆಸುವುದು ಮತ್ತು ಒಂದು ಟ್ಯೂಬ್ ಥರ್ಮಲ್ ಪೇಸ್ಟ್. ಅಷ್ಟಕ್ಕೆ ಸರಿಹೋದರೆ ಉಳಿದ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.

ಎರಡು ಸಣ್ಣ ತಪ್ಪುಗಳನ್ನೂ ಪರೀಕ್ಷಿಸಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಹಿಂದೆ ಸಿಕ್ಕಿಸಿದ್ದರೆ ತೆಗೆದು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ. 144 ಹರ್ಟ್ಸ್ ಮಾನಿಟರ್ ಇದ್ದರೂ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ಕ್ಕೇ ನಿಂತಿರುತ್ತದೆ, ಅದನ್ನು ಕೈಯಾರೆ ಬದಲಿಸಬೇಕು. ಅಳೆದದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದಿಡಿ, ಪ್ರತಿ ಬದಲಾವಣೆಯ ನಂತರ ಹೋಲಿಸಿ ನೋಡಲು ಬೇಕಾಗುತ್ತದೆ.

ಎಸ್‌ಎಂಪಿಎಸ್ ಮತ್ತು ಅರ್ಥಿಂಗ್

ಹೊಸ ಕಾರ್ಡಿಗೆ ಮುಂಚೆ ಅದಕ್ಕೆ ವಿದ್ಯುತ್ ಕೊಡುವುದನ್ನು ನೋಡಿ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಇದ್ದರೆ ಅದರ ಮೇಲೆ 450 ಅಂತ ಬರೆದಿದ್ದರೂ ನಂಬಬೇಡಿ. ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ಎಂದು ಓದಿ 12ರಿಂದ ಗುಣಿಸಿ. 30 ಆಂಪಿಯರ್ ಇದ್ದರೆ 360 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದಲೇ. ಲೇಬಲ್ಲಿನ ಒಟ್ಟು ಅಂಕಿ ದೊಡ್ಡದಿದ್ದು ಈ ಗುಣಾಕಾರ ಅದರ ಮುಕ್ಕಾಲನ್ನೂ ಮುಟ್ಟದಿದ್ದರೆ ಆ ಎಸ್‌ಎಂಪಿಎಸ್ ಬದಲಿಸಿ.

ಈ ಬರಹದಲ್ಲಿ ಹೇಳುವ ಜೋಡಿಗಳಿಗೆ 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) ಗುರುತಿರುವ, ಐದು ವರ್ಷ ವಾರಂಟಿಯ 550 ಅಥವಾ 650 ವ್ಯಾಟ್ ಸಾಕು. ಇದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಇಡೀ ಪಿಸಿಯಲ್ಲಿ ಕೆಟ್ಟರೆ ಬೇರೆಯವನ್ನೂ ಜೊತೆಗೆ ಕೊಂಡೊಯ್ಯಬಲ್ಲ ಭಾಗ ಇದೊಂದೇ.

ಮಾಡ್ಯುಲರ್ (ಕೇಬಲ್ ಬಿಚ್ಚಿಡಬಹುದಾದ) ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್ಲುಗಳನ್ನು ಅಲ್ಲೇ ಬಿಟ್ಟು ಹೊಸದರ ತುದಿಗೆ ಸಿಕ್ಕಿಸುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆಗೆ ಎಲ್ಲ ಕಂಪನಿಗೂ ಅನ್ವಯಿಸುವ ನಿಯಮವಿಲ್ಲ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ ಸುಟ್ಟುಹೋಗುತ್ತವೆ. ಹೊಸ ಪೆಟ್ಟಿಗೆಯ ಕೇಬಲ್ಲುಗಳನ್ನೇ ಪೂರ್ತಿ ಎಳೆಯಿರಿ.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಮನೆಯ ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ ಎಂದೇ ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅತಿ ಸಣ್ಣ ಕರೆಂಟ್ ಭೂಮಿಗೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ನಿಂತಿರುತ್ತದೆ. ಹಳೆಯ ಮನೆಗಳಲ್ಲಿ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವಲ್ಲಿ ಇದು ಸಾಮಾನ್ಯ. ಹೊಸ ಸಾಮಾನು ಹಾಕುವ ಮುಂಚೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಸರಿಮಾಡಿಸಿ.

ಯುಪಿಎಸ್ ಇದ್ದರೆ ಅದರ ಲೆಕ್ಕವೂ ಬದಲಾಗುತ್ತದೆ. 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 170 ವ್ಯಾಟ್‌ನ ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿದರೆ ಆ ಮಿತಿಯ ಅಂಚಿಗೆ ಬರುತ್ತೀರಿ, ಆಟದ ಮಧ್ಯೆ ಕರೆಂಟ್ ಹೋದಾಗ ಯುಪಿಎಸ್ ಪೀಂ ಎಂದು ಕೂಗಿ ಪಿಸಿಯೂ ಆರಿಹೋಗುತ್ತದೆ. 1000–1100 ವಿಎ ಇದ್ದರೆ ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ.

ರ‍್ಯಾಮ್

ಒಂದೇ ಸ್ಟಿಕ್ ಇರುವ ರೈಜನ್ ಪಿಸಿ ಅರ್ಧ ಬಾಗಿಲು ಮುಚ್ಚಿದ ಅಂಗಡಿಯಿದ್ದ ಹಾಗೆ. ಪ್ರೊಸೆಸರಿಗೆ ರ‍್ಯಾಮ್ ಕಡೆಗೆ ಎರಡು ಚಾನೆಲ್ ಇದೆ, ಒಂದು ಸ್ಟಿಕ್ ಹಾಕಿದರೆ ಒಂದೇ ಕೆಲಸ ಮಾಡುತ್ತದೆ. ಎರಡನೆಯದನ್ನು ಹಾಕಿದರೆ ಪ್ರಮಾಣ ಹೆಚ್ಚುವುದರ ಜೊತೆಗೆ ಆಟದ ಕನಿಷ್ಠ ಫ್ರೇಮುಗಳು ಎದ್ದು ಕಾಣುವಷ್ಟು ಸುಧಾರಿಸುತ್ತವೆ.

ಗುರಿ 16 ಜಿಬಿ, 8 ಮತ್ತು 8. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ಈಗಿರುವ ಸ್ಟಿಕ್ಕಿನ ಪಾರ್ಟ್ ನಂಬರ್ ಸಿಗುತ್ತದೆ. ಅದೇ ನಂಬರಿನದು ಸಿಕ್ಕರೆ ಒಂದು ಮಾತ್ರ ಕೊಳ್ಳಿ, ಈಗಿನ ಬೆಲೆಯಲ್ಲಿ ಇದೇ ಜಾಣತನ. ರ‍್ಯಾಮ್ ಅಷ್ಟು ಸುಲಭವಾಗಿ ಸವೆಯುವ ವಸ್ತುವಲ್ಲ, ಪರೀಕ್ಷಿಸಿ ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಡಿಡಿಆರ್4ಗೆ ಹೆದರಬೇಕಾಗಿಲ್ಲ. ಹೊಸ ಜೋಡಿ ಕೊಳ್ಳುವುದಾದರೆ 3200 ಮೆಗಾಹರ್ಟ್ಸ್, ಸಿಎಲ್16 (ವಿಳಂಬದ ಅಳತೆ) ನೋಡಿ. 3600 ಚೂರು ಉತ್ತಮ, ಆದರೆ ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಮುರಿಯಬೇಡಿ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಿ. ಅಕ್ಕಪಕ್ಕ ಹಾಕಿದರೆ ಮತ್ತೆ ಒಂದೇ ಚಾನೆಲ್. ಕ್ಲಿಪ್ ಟಿಕ್ ಎನ್ನುವವರೆಗೆ ಎರಡೂ ತುದಿ ಒತ್ತಿ. ನಂತರ ಬಯೋಸ್‌ಗೆ (ಬೋರ್ಡಿನ ಮೂಲ ತಂತ್ರಾಂಶ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿ. ಏಸಸ್ ಬೋರ್ಡಿನಲ್ಲಿ ಇದರ ಹೆಸರು ಡಿಒಸಿಪಿ, ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ. ಇದನ್ನು ಮಾಡದೆ ಬಿಟ್ಟರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತದೆ, ವರ್ಷಗಟ್ಟಲೆ ಹಾಗೇ ಓಡುತ್ತಿರುವ ಪಿಸಿಗಳಿವೆ. ಬೇರೆ ಬೇರೆ ಕಂಪನಿಯ ಸ್ಟಿಕ್ ಜೋಡಿಸಿದಾಗ ಪಿಸಿ ಬೂಟ್ ಆಗದಿದ್ದರೆ 2933ಕ್ಕೆ ಇಳಿಸಿ ನೋಡಿ. ರೈಜನ್ 2000ದ ಮೆಮೊರಿ ಕಂಟ್ರೋಲರಿಗೆ ಅಧಿಕೃತ ಮಿತಿ ಅಷ್ಟೇ, 5000 ಸರಣಿಗೆ 3200. ಕೊನೆಗೆ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ವೇಗ ಬೇಡ.

ಬಯೋಸ್, ಆಮೇಲೆ ಪ್ರೊಸೆಸರ್

ಹಳೆಯ ಬಯೋಸ್‌ಗೆ 5600 ಎಂಬ ಪ್ರೊಸೆಸರ್ ಇದೆ ಎಂದೇ ಗೊತ್ತಿಲ್ಲ. ಅಪ್‌ಡೇಟ್ ಮಾಡದೆ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಹಾಗಾಗಿ ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಈ ಕೆಲಸ ಮುಗಿಯಬೇಕು.

ಬೋರ್ಡಿನ ಹೆಸರು ಮತ್ತು ರಿವಿಷನ್ ಅದರ ಮೇಲೆಯೇ ಅಚ್ಚಾಗಿರುತ್ತದೆ. ತಯಾರಕರ ತಾಣದಲ್ಲಿ ಆ ಬೋರ್ಡಿನ ಸಿಪಿಯು ಸಪೋರ್ಟ್ ಪಟ್ಟಿ ತೆರೆದು ರೈಜನ್ 5 5600 ಇದೆಯೇ, ಯಾವ ಬಯೋಸ್ ಆವೃತ್ತಿಯಿಂದ ಇದೆ ಎಂದು ನೋಡಿ. ಎಜೀಸಾ (ಬಯೋಸ್ ಒಳಗಿನ ಎಎಂಡಿ ಕೋಡ್) 1.2.0.7 ಅಥವಾ ಅದಕ್ಕಿಂತ ಹೊಸದನ್ನೇ ಆರಿಸಿ, ಎಫ್‌ಟಿಪಿಎಂ (ಭದ್ರತೆಯ ಕೀಲಿಗಳನ್ನು ಇಡುವ ಸೌಲಭ್ಯ) ಆನ್ ಇದ್ದಾಗ ಪಿಸಿ ಆಗಾಗ ಕ್ಷಣಕಾಲ ಹ್ಯಾಂಗ್ ಆಗುತ್ತಿದ್ದ ದೋಷ ಸರಿಹೋಗಿದ್ದು ಆ ಆವೃತ್ತಿಯಲ್ಲಿ. ವಿವರಣೆಯನ್ನೂ ಪೂರ್ತಿ ಓದಿ. ಕೆಲವು ಬೋರ್ಡುಗಳಿಗೆ ಮಧ್ಯದ ಒಂದು ಆವೃತ್ತಿ ಹಾಕಿಯೇ ಮುಂದಿನದಕ್ಕೆ ಹೋಗಬೇಕು, ಕೆಲವಕ್ಕೆ ಹೊಸದಕ್ಕೆ ಹೋದ ಮೇಲೆ ಹಿಂದಿರುಗಲು ಬರುವುದಿಲ್ಲ.

ಫೈಲನ್ನು ಬಿಚ್ಚಿ, ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯೋಸ್ ಒಳಗಿನ ಫ್ಲ್ಯಾಷ್ ಸೌಲಭ್ಯದಿಂದಲೇ ಅಪ್‌ಡೇಟ್ ಮಾಡಿ. ವಿಂಡೋಸ್ ಒಳಗಿಂದ ಮಾಡುವ ತಂತ್ರಾಂಶ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಹಾಗಾಗಿ ಯುಪಿಎಸ್ ಇಲ್ಲದವರು ಸ್ನೇಹಿತರಿಂದ ಒಂದು ಗಂಟೆಗೆ ತಂದುಕೊಳ್ಳಿ. ಮಳೆ ಗುಡುಗಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಆನ್ ಇದೆಯೇ ನೋಡಿ, ಇದ್ದರೆ ಬಯೋಸ್ ಮುಟ್ಟುವ ಮುಂಚೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಿಸಿ ಮೊದಲ ಸಲ ಆನ್ ಮಾಡಿದಾಗ, ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಕೇಳುತ್ತದೆ. ವೈ ಒತ್ತಿದರೆ ಹಳೆಯ ಕೀಲಿಗಳು ಹೋದವು. ರಿಕವರಿ ಕೀ ಇಲ್ಲದವರ ಫೋಟೊ, ಕಡತಗಳೆಲ್ಲ ಡಿಸ್ಕಿನಲ್ಲಿದ್ದೂ ಇಲ್ಲದಂತಾಗುತ್ತವೆ.

ಈಗ ಪ್ರೊಸೆಸರ್ ತೆಗೆಯುವ ಕೆಲಸ. ಎಎಂ4ರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, ಮೇಲೆ ಹಿಡಿದಿಡುವ ಚೌಕಟ್ಟಿಲ್ಲ. ಆರೇಳು ವರ್ಷದ ಥರ್ಮಲ್ ಪೇಸ್ಟ್ ಗಟ್ಟಿ ಗೋಂದಿನಂತೆ ಆಗಿರುತ್ತದೆ. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಕಿತ್ತು ಜೊತೆಗೇ ಬರುತ್ತದೆ, ಪಿನ್ನು ಬಾಗುತ್ತದೆ. ಇದನ್ನು ತಪ್ಪಿಸಲು ಹದಿನೈದು ನಿಮಿಷ ಆಟವಾಡಿ ಪ್ರೊಸೆಸರ್ ಬಿಸಿಮಾಡಿ, ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಕ್ಯಾಬಿನೆಟ್ ಅಡ್ಡ ಮಲಗಿಸಿ, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ. ಅಂಟು ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ.

ಲಿವರ್ ಪೂರ್ತಿ ಎತ್ತಿ ಹಳೆಯದನ್ನು ತೆಗೆಯಿರಿ. ಹೊಸದರ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನಾಗಿ ಕೂರುತ್ತದೆ. ಒತ್ತಬೇಡಿ, ಕೂರದಿದ್ದರೆ ಯಾವುದೋ ಪಿನ್ನು ಬಾಗಿದೆ. ಲಿವರ್ ಇಳಿಸಿ, ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಇಡಿ, ಕೂಲರಿನ ಒತ್ತಡಕ್ಕೆ ಅದೇ ಹರಡುತ್ತದೆ. 5600 ಜೊತೆ ಬರುವ ರೇತ್ ಸ್ಟೆಲ್ತ್ ಕೂಲರಿಗೆ ನಾಲ್ಕು ಸ್ಕ್ರೂ ನೇರ ಬೋರ್ಡಿನ ಹಿಂದಿನ ಲೋಹದ ಪಟ್ಟಿಗೆ ಹೋಗುತ್ತವೆ. ಮೇಲಿನ ಪ್ಲಾಸ್ಟಿಕ್ ಕೊಂಡಿಗಳನ್ನು ತೆಗೆಯುವಾಗ ಆ ಪಟ್ಟಿ ಹಿಂದೆ ಜಾರಿ ಬೀಳಬಹುದು, ಒಂದು ಕೈ ಹಿಂದೆ ಇರಲಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ, ಒಂದೊಂದಕ್ಕೆ ಎರಡು ಸುತ್ತಿನಂತೆ ಬಿಗಿಯಿರಿ.

ಯಾವ ಪ್ರೊಸೆಸರ್ ಎಂಬ ಪ್ರಶ್ನೆಗೆ ಹೆಚ್ಚಿನವರಿಗೆ ಉತ್ತರ 5600. 5600ಎಕ್ಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ವೇಗದಲ್ಲಿ 200 ಮೆಗಾಹರ್ಟ್ಸ್ ಮಾತ್ರ, ಅಗ್ಗಕ್ಕೆ ಯಾವುದು ಸಿಕ್ಕರೂ ಸರಿ. 5500 ಮತ್ತು 5600ಜಿ ಹೆಸರಿನಲ್ಲಿ ಹತ್ತಿರವಿದ್ದರೂ ಅವುಗಳ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ, 5600ದ್ದು 32. ಆಟಗಳಿಗೆ ಕ್ಯಾಶ್ ಬೇಕೇ ಬೇಕು. ವಿಡಿಯೊ ಎಡಿಟಿಂಗ್ ಕೂಡ ಮಾಡುವವರು ಎಂಟು ಕೋರಿನ 5700ಎಕ್ಸ್ ನೋಡಿ, ಅದಕ್ಕೆ ಕೂಲರ್ ಬೇರೆ ಕೊಳ್ಳಬೇಕು. 96 ಎಂಬಿ ಕ್ಯಾಶಿನ 5700ಎಕ್ಸ್3ಡಿ, 5800ಎಕ್ಸ್3ಡಿ ಈ ಸಾಕೆಟ್ಟಿನ ಅತ್ಯುತ್ತಮ ಗೇಮಿಂಗ್ ಪ್ರೊಸೆಸರುಗಳು. ಅವು ಸೆಕೆಂಡ್ ಹ್ಯಾಂಡಿನಲ್ಲಿ ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ. ಆದರೆ ಅವನ್ನು ಕೊಂಡು 1060 ಕಾರ್ಡನ್ನೇ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಂಟೆಲ್ ಇರುವವರಿಗೆ ಇಷ್ಟು ಸುಲಭವಿಲ್ಲ. 6–7ನೇ ತಲೆಮಾರಿನ ಬೋರ್ಡಿಗೆ ಎಲ್‌ಜಿಎ1151 ಸಾಕೆಟ್ ಇದ್ದರೂ 8ನೇ ತಲೆಮಾರಿನ ಪ್ರೊಸೆಸರ್ ನಡೆಯದು, ಸಾಕೆಟ್ ಹೆಸರು ಒಂದೇ ಇದೆ ಎಂದು ಕೊಂಡು ಕೈಸುಟ್ಟುಕೊಳ್ಳಬೇಡಿ. ನಾಲ್ಕು ಕೋರ್, ನಾಲ್ಕು ಥ್ರೆಡ್ಡಿನ ಐ5-7400ರಂಥವು ಇದ್ದರೆ ಗ್ರಾಫಿಕ್ಸ್ ಕಾರ್ಡ್ ಹಾಕಿಯೂ ತಡವರಿಕೆ ಹೋಗುವುದಿಲ್ಲ. ಡಿಡಿಆರ್3 ಕಾಲದ ಪಿಸಿಗೆ ಒಂದು ಎಸ್‌ಎಸ್‌ಡಿಗಿಂತ ಹೆಚ್ಚು ಖರ್ಚು ಮಾಡಬೇಡಿ.

ಗ್ರಾಫಿಕ್ಸ್ ಕಾರ್ಡ್

ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ ಹೋಗುತ್ತದೆ, ಹೋಗಬೇಕು ಕೂಡ. 1060 ಸಮರ್ಥವಾಗಿ ದುಡಿದ ಕಾರ್ಡ್, ಆದರೆ ಅದರ ಕಾಲ ಮುಗಿಯುತ್ತಿದೆ. ಎನ್‌ವಿಡಿಯಾ ಜಿಟಿಎಕ್ಸ್ 900 ಮತ್ತು 1000 ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು 2028ರವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ) ಹಾರ್ಡ್‌ವೇರ್ ಇಲ್ಲದಿದ್ದರೆ ಓಡುವುದೇ ಇಲ್ಲ ಎನ್ನುವ ಆಟಗಳೂ ಬಂದಿವೆ, 2025ರ ಡೂಮ್: ದ ಡಾರ್ಕ್ ಏಜಸ್ ಅಂಥದ್ದು. ಆದ್ದರಿಂದ ಹೊಸದಾಗಲಿ ಹಳೆಯದಾಗಲಿ, ಕೊಳ್ಳುವ ಕಾರ್ಡ್ ಎನ್‌ವಿಡಿಯಾದ ಆರ್‌ಟಿಎಕ್ಸ್ ಹೆಸರಿನದು, ಎಎಂಡಿಯ ಆರ್‌ಎಕ್ಸ್ 6000 ಅಥವಾ ಮೇಲಿನದು, ಇಲ್ಲವೇ ಇಂಟೆಲ್ ಆರ್ಕ್ ಆಗಿರಲಿ. ಆರ್‌ಎಕ್ಸ್ 580, 5700 ಎಕ್ಸ್‌ಟಿ, ಜಿಟಿಎಕ್ಸ್ 1660 ಸೂಪರ್ ಎಷ್ಟೇ ಅಗ್ಗವಾದರೂ ಈಗ ಅವಕ್ಕೆ ದುಡ್ಡು ಹಾಕುವುದು ಬೇಡ.

ಬಿ450 ಬೋರ್ಡಿಗೆ ಒಂದು ಮಿತಿ ಇದೆ, ಅದನ್ನು ಅರ್ಥಮಾಡಿಕೊಂಡರೆ ಆಯ್ಕೆ ಸುಲಭ. 5600 ಹಾಕಿದರೂ ಕಾರ್ಡಿನ ಸ್ಲಾಟ್ ಪಿಸಿಐಇ (ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿ) 3.0ರಲ್ಲೇ ಓಡುತ್ತದೆ. ಇಂದಿನ ಅಗ್ಗದ ಕಾರ್ಡುಗಳು 16 ಲೇನಿನ ಬದಲು 8 ಲೇನ್ ಮಾತ್ರ ಬಳಸುತ್ತವೆ, ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, 5060 ಎಲ್ಲ ಹಾಗೇ. ವಿಡಿಯೊ ಮೆಮೊರಿ ತುಂಬದಿರುವವರೆಗೆ ಇದರಿಂದ ಆಗುವ ನಷ್ಟ ಸಣ್ಣದು. ತುಂಬಿದ ಕ್ಷಣದಿಂದ ಕಾರ್ಡ್ ಮುಖ್ಯ ರ‍್ಯಾಮಿನಿಂದ ಸರಕು ಎಳೆಯಲು ಶುರುಮಾಡುತ್ತದೆ, ಆಗ ಕಿರಿದಾದ ದಾರಿ ಕುತ್ತಿಗೆ ಹಿಸುಕುತ್ತದೆ. ಆದ್ದರಿಂದ 8 ಜಿಬಿ ಕಾರ್ಡ್ ಕೊಂಡವರು ಟೆಕ್ಸ್ಚರ್ ಸೆಟ್ಟಿಂಗನ್ನು ಅಲ್ಟ್ರಾ ಬದಲು ಹೈಗೆ ಇಡಬೇಕು. ನಾಲ್ಕೇ ಲೇನ್, 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನಂತೂ ಈ ಬೋರ್ಡಿಗೆ ಹಾಕಲೇಬೇಡಿ.

1080ಪಿ ಮಾನಿಟರಿಗೆ ಕಡಿಮೆ ಖರ್ಚಿನ ಒಳ್ಳೆಯ ಕಾರ್ಡ್ ಆರ್‌ಎಕ್ಸ್ 6600. ಕೇವಲ 132 ವ್ಯಾಟ್, ಒಂದು 8 ಪಿನ್ ಕೇಬಲ್, ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ ಇದ್ದವರಿಗೆ ಅದನ್ನೂ ಬದಲಿಸುವ ಪ್ರಮೇಯವಿಲ್ಲ. ಒಂದು ಹೆಜ್ಜೆ ಮೇಲೆ 115 ವ್ಯಾಟ್‌ನ ಆರ್‌ಟಿಎಕ್ಸ್ 4060, ಸಣ್ಣ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಏರಿಸುವ ಡಿಎಲ್‌ಎಸ್‌ಎಸ್ ಇದರ ದೊಡ್ಡ ಬಲ. ಸೆಕೆಂಡ್ ಹ್ಯಾಂಡಿನಲ್ಲಿ ಆರ್‌ಟಿಎಕ್ಸ್ 3060ರ 12 ಜಿಬಿ ಆವೃತ್ತಿ ಈ ಬೋರ್ಡಿಗೆ ಹೇಳಿ ಮಾಡಿಸಿದಂತಿದೆ, 16 ಲೇನ್ ಪೂರ್ತಿ ಬಳಸುತ್ತದೆ, ಮೆಮೊರಿಯೂ ಧಾರಾಳ. ಅದೇ ಹೆಸರಿನ 8 ಜಿಬಿ ಆವೃತ್ತಿ ಬೇರೆ, ನಿಧಾನ. ಕೊಳ್ಳುವಾಗ ಪೆಟ್ಟಿಗೆ ಓದಿ. ಕೈ ಸ್ವಲ್ಪ ಸಡಿಲ ಮಾಡಬಲ್ಲವರಿಗೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಇದಕ್ಕೂ 16 ಲೇನ್ ಇದೆ, ಮುಂದೆ ಬೋರ್ಡ್ ಬದಲಿಸಿದರೂ ಕಾರ್ಡ್ ಜೊತೆಗೆ ಬರುತ್ತದೆ.

12 ಜಿಬಿಯ ಆರ್ಕ್ ಬಿ580 ಬೆಲೆಗೆ ಆಕರ್ಷಕ, ಆದರೆ 2600 ಇಟ್ಟುಕೊಂಡು ಅದನ್ನು ಹಾಕಬೇಡಿ. ಅದರ ಡ್ರೈವರ್ ಪ್ರೊಸೆಸರಿನಿಂದ ಹೆಚ್ಚು ಕೆಲಸ ಕೇಳುತ್ತದೆ, ಹಳೆಯ ಪ್ರೊಸೆಸರ್ ಜೊತೆ ಫ್ರೇಮ್ ತೀವ್ರವಾಗಿ ಕುಸಿಯುತ್ತದೆ. ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯೆಲ್ಲ ಪ್ರೊಸೆಸರಿಗೆ ಒಟ್ಟಿಗೆ ಸಿಗುವ ಸೌಲಭ್ಯ) ಇಲ್ಲದಿದ್ದರಂತೂ ಬೇಡವೇ ಬೇಡ.

ಹಾಕುವ ಮುಂಚೆ ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಉದ್ದ ಅಳೆಯಿರಿ, ಮುಂದಿನ ಫ್ಯಾನಿನ ದಪ್ಪ ಕಳೆದು. ಚಿಪ್ಪಿನ ಕಂಪನಿ ಬದಲಾಗುತ್ತಿದ್ದರೆ ಸೇಫ್ ಮೋಡಿನಲ್ಲಿ ಡಿಡಿಯು ತಂತ್ರಾಂಶ ಓಡಿಸಿ ಹಳೆಯ ಡ್ರೈವರ್ ಅಳಿಸಿ. ಕಾರ್ಡ್ ಕೂತ ಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್ ಮಾಡಿ, ಅಬವ್ 4ಜಿ ಡಿಕೋಡಿಂಗ್ ಮತ್ತು ರೀಸೈಜಬಲ್ ಬಾರ್ ಆನ್ ಮಾಡಿ. ಇಲ್ಲೊಂದು ಅಪಾಯ ಇದೆ. ವಿಂಡೋಸ್ ಇರುವ ಡಿಸ್ಕ್ ಹಳೆಯ ಎಂಬಿಆರ್ ಮಾದರಿಯದಾಗಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಬೂಟ್ ನಿಲ್ಲುತ್ತದೆ. ಮೊದಲೇ ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಲಕರಣೆಯಿಂದ ಡಿಸ್ಕನ್ನು ಜಿಪಿಟಿಗೆ ಬದಲಿಸಿ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ವಿಂಡೋಸ್ 11ಕ್ಕೂ, ಸೆಕ್ಯೂರ್ ಬೂಟ್ ಕೇಳುವ ಆನ್‌ಲೈನ್ ಆಟಗಳಿಗೂ ಈ ಕೆಲಸ ಹೇಗೂ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ರೈಜನ್ 5 2600, 5600 ಎರಡೂ 11ಕ್ಕೆ ಅರ್ಹ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ಹತ್ತು ಅಂಗಡಿ ತಿರುಗಿ ಬೆಲೆ ಹೋಲಿಸಬಹುದು. ಬೇರೆ ಊರಿನವರು ಆನ್‌ಲೈನ್ ಮಾರಾಟಗಾರರನ್ನು ಅವಲಂಬಿಸಬೇಕು. ಎಲ್ಲೇ ಆಗಲಿ, ಕಾರ್ಡ್ ಓಡುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಮೊದಲು ಜಿಪಿಯು-ಝಡ್ ತೆರೆಯಿರಿ, ಬಯೋಸ್ ತಿದ್ದಿ ಹೆಸರು ಬದಲಿಸಿದ ನಕಲಿ ಕಾರ್ಡ್ ಇದ್ದರೆ ಅದು ಎಚ್ಚರಿಸುತ್ತದೆ. ಶೇಡರ್ ಸಂಖ್ಯೆ, ಮೆಮೊರಿ ಪ್ರಮಾಣ, ಬಸ್ ಅಗಲ ಮೂರನ್ನೂ ಅಸಲಿ ವಿವರದ ಜೊತೆ ಹೋಲಿಸಿ. ನಂತರ ಕಾರ್ಡನ್ನು ದಣಿಸಿ ನೋಡುವ ಫರ್‌ಮಾರ್ಕ್ 15 ನಿಮಿಷ, ಒಂದು ನಿಜವಾದ ಆಟ 15 ನಿಮಿಷ. ಪರದೆಯಲ್ಲಿ ಬಣ್ಣದ ಚುಕ್ಕೆ, ಚೌಕ ಕಂಡರೆ ಮೆಮೊರಿ ಕೆಟ್ಟಿದೆ, ಎದ್ದು ಬನ್ನಿ. ಜಿಪಿಯು ಉಷ್ಣತೆಗೂ ಹಾಟ್‌ಸ್ಪಾಟ್‌ಗೂ (ಚಿಪ್ಪಿನ ಅತಿ ಬಿಸಿಯಾದ ಬಿಂದು) 25 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಪೇಸ್ಟ್ ಒಣಗಿದೆ. ಇದು ರಿಪೇರಿಯಾಗುವಂಥದ್ದು, ಬೆಲೆ ಇಳಿಸಲು ಒಳ್ಳೆಯ ಕಾರಣ. ಪ್ರತಿ ಡಿಸ್‌ಪ್ಲೇ ಪೋರ್ಟಿಗೂ ಕೇಬಲ್ ಹಾಕಿ ನೋಡಿ. ಮೂಲ ಬಿಲ್ಲು ಮತ್ತು ಸೀರಿಯಲ್ ನಂಬರ್ ಪಡೆದು ವಾರಂಟಿ ಉಳಿದಿದೆಯೇ ಎಂದು ಕಂಪನಿಯ ತಾಣದಲ್ಲಿ ಪರೀಕ್ಷಿಸಿ. ವಿದೇಶದಿಂದ ತಂದ ಕಾರ್ಡಿಗೆ ಇಲ್ಲಿ ವಾರಂಟಿ ಸಿಗದಿರುವುದೇ ಹೆಚ್ಚು.

ಎಸ್‌ಎಸ್‌ಡಿ

ಆಟಗಳು ಇನ್ನೂ ಹಾರ್ಡ್‌ಡಿಸ್ಕಿನಲ್ಲಿದ್ದರೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ. ಬೋರ್ಡ್ ಪಿಸಿಐಇ 3.0 ಆದ್ದರಿಂದ ಸೆಕೆಂಡಿಗೆ 7,000 ಎಂಬಿ ಎಂದು ಬರೆದ ದುಬಾರಿ ಡ್ರೈವ್ ಇಲ್ಲಿ 3,500ಕ್ಕೇ ನಿಲ್ಲುತ್ತದೆ. ಅದು ಕೂರುವ ಎಂ.2 ಸ್ಲಾಟ್ ಎರಡಿದ್ದರೆ ಪ್ರೊಸೆಸರಿಗೆ ಹತ್ತಿರದ್ದನ್ನು ಬಳಸಿ, ಎರಡನೆಯದು ಎಷ್ಟೋ ಬೋರ್ಡಿನಲ್ಲಿ ನಿಧಾನ. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಹಾರ್ಡ್‌ಡಿಸ್ಕ್ ಕಾಣೆಯಾದರೆ ಗಾಬರಿಯಾಗಬೇಡಿ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಸ್ಥಗಿತವಾಗುತ್ತವೆ. ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದರೆ ಡಿಸ್ಕ್ ಮರಳಿ ಕಾಣುತ್ತದೆ.

ಶಾಖ, ಕೊನೆಯ ಪರೀಕ್ಷೆ

ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಪಿಸಿಯದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೈಸೂರಿನ ಡಿಸೆಂಬರಿನಲ್ಲಿ 72ರಲ್ಲಿದ್ದ ಪ್ರೊಸೆಸರ್ ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ 88 ಮುಟ್ಟಿದರೆ ಆಶ್ಚರ್ಯವಿಲ್ಲ, 5600 ತಾನೇ ವೇಗ ಇಳಿಸುವ ಮಿತಿ 90. ಮುಂದಿನಿಂದ ಗಾಳಿ ಎಳೆಯುವ ಎರಡು 120 ಎಂಎಂ ಫ್ಯಾನ್, ಹಿಂದೆ ಹೊರಹಾಕುವ ಒಂದು, ಇಷ್ಟು ಸಾಕು. ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್ಟಿನಲ್ಲಿ ಎಷ್ಟು ಫ್ಯಾನ್ ಹಾಕಿದರೂ ಗಾಳಿ ಬರುವ ದಾರಿಯಿಲ್ಲ. ಬ್ಲೋವರಿನಿಂದ ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ವಿಪರೀತ ವೇಗಕ್ಕೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಬಯೋಸ್‌ನ ಪಿಬಿಒ ವಿಭಾಗದಲ್ಲಿ ಕರ್ವ್ ಆಪ್ಟಿಮೈಸರ್ (ಪ್ರೊಸೆಸರಿನ ವೋಲ್ಟೇಜ್ ತಿದ್ದುವ ಸೌಲಭ್ಯ) ಇದ್ದರೆ ಎಲ್ಲ ಕೋರಿಗೂ ಮೈನಸ್ 15 ಕೊಟ್ಟು ನೋಡಿ. ಕಡಿಮೆ ವೋಲ್ಟೇಜಿನಲ್ಲಿ ಅದೇ ವೇಗ, ಕೆಲವು ಡಿಗ್ರಿ ತಂಪು. ಒಸಿಸಿಟಿ ಎಂಬ ಪರೀಕ್ಷೆ ಒಂದು ಗಂಟೆ ಓಡಿ, ಪಿಸಿ ಸುಮ್ಮನಿದ್ದಾಗಲೂ ರೀಸ್ಟಾರ್ಟ್ ಆಗದಿದ್ದರೆ ಆ ಅಂಕಿ ಗಟ್ಟಿ. ರೀಸ್ಟಾರ್ಟ್ ಆಗುತ್ತಿದ್ದರೆ ಮೈನಸ್ 10ಕ್ಕೆ ಇಳಿಸಿ.

ಈಗ ಮೊದಲು ಬರೆದಿಟ್ಟ ಕಾಗದ ತೆಗೆದು ಅದೇ ಆಟದ ಅದೇ ಬೀದಿಯನ್ನು ಮತ್ತೆ ಅಳೆಯಿರಿ. ಜಿಪಿಯು ಬಳಕೆ 95ರ ಮೇಲಿದ್ದು ಫ್ರೇಮ್ ಟೈಮ್ ಗೆರೆ ಸಪಾಟಾಗಿದ್ದರೆ ಕೆಲಸ ಸರಿಯಾಗಿದೆ. ಹಳೆಯ 2600 ಮತ್ತು 1060ಕ್ಕೆ ಇನ್ನೂ ಗಿರಾಕಿಗಳಿದ್ದಾರೆ. ಪ್ರೊಸೆಸರನ್ನು ಹೊಸದರ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು ಮಾರಿ, ಪಿನ್ನು ಉಳಿಯುತ್ತವೆ. ಹಾರ್ಡ್‌ಡಿಸ್ಕನ್ನು ಮಾತ್ರ ಮಾರಬೇಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಅದರ ಆರೋಗ್ಯ ಗುಡ್ ಎಂದಿದ್ದರೆ ಆಟಗಳ ಸೇವ್ ಫೈಲು ಮತ್ತು ಮನೆಯ ಫೋಟೊಗಳ ಬ್ಯಾಕಪ್ಪಿಗೆ ಒಳಗೇ ಇರಲಿ.